ಕಾಯಕಕ್ಕೂ ವಯೋನಿವೃತ್ತಿಯುಂಟೇ?

ಕಲಬುರಗಿಯ ಐವಾನ್-ಎ-ಶಾಹಿ ಒಂದು ಕಾಲಕ್ಕೆ ಹೈದರಾಬಾದಿನ ನಿಜಾಮರ ಬಿಡಾರ. ಅರಸರು ಈ ಊರಿಗೆ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿದ ಮನೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅರಸೊತ್ತಿಗೆ ಹೋಯಿತು, ಮನೆ ಉಳಿಯಿತು. ಅದೀಗ ಸರ್ಕಾರಿ ಅತಿಥಿಗೃಹ. ಅಧಿಕಾರಿಗಳು ಬರುತ್ತಾರೆ, ಒಂದೆರಡು ರಾತ್ರಿ ತಂಗುತ್ತಾರೆ, ಬೀಗದ ಕೈ ಒಪ್ಪಿಸಿ ಹೊರಡುತ್ತಾರೆ. ಕೋಣೆ ತಮ್ಮದಲ್ಲವೆಂಬುದು ಬಂದ ದಿನವೇ ತಿಳಿದಿರುವುದರಿಂದ, ಬಿಡುವ ದಿನ ಯಾರೂ ಮರುಗುವುದಿಲ್ಲ.

ಹುದ್ದೆಯೆಂಬುದೂ ಇಂಥದೇ ಅತಿಥಿಗೃಹ. ಆದರೆ ಅದೇ ಅಧಿಕಾರಿ ಸೇವೆಯಿಂದ ನಿವೃತ್ತನಾದ ದಿನ ಮನೆಯೇ ಕುಸಿದವನಂತಾಗುತ್ತಾನೆ. ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೆ ಹೋಗಬೇಕೆಂಬುದು ತಿಳಿಯದು. ಅಲ್ಲಿಯವರೆಗೆ ಅವನನ್ನು ನಡೆಸಿದ್ದು ಕಾಯಕವೋ ಕುರ್ಚಿಯೋ ಎಂಬುದು ಆ ಬೆಳಿಗ್ಗೆ ಬಯಲಾಗುತ್ತದೆ.

ಈ ನಿವೃತ್ತಿಯ ದಿನವನ್ನು ಗೊತ್ತುಮಾಡಿದವರಾದರೂ ಯಾರು? ಹಿಂದೆ ಹಳ್ಳಿಯ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಂದೆತಾಯಿಗೆ ನೆನಪಿರುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಮಗುವನ್ನೊಮ್ಮೆ ನೋಡಿ, ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ನಿಯಮ. ಆದ್ದರಿಂದಲೇ ಪ್ರತಿ ವರ್ಷ ಮೇ 31ರಂದು ಕಚೇರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸು 58 ಇದ್ದದ್ದು 2008ರಲ್ಲಿ 60 ಆಯಿತು. ಒಬ್ಬ ಗುರುಗಳ ಲೇಖನಿ ಹಾಕಿದ, ಒಂದು ಆದೇಶ ಎರಡು ವರ್ಷ ಮುಂದೆ ಸರಿಸಬಲ್ಲ ಗೆರೆ ಇದು. ಈ ಗೆರೆಯ ಬಳಿ ಸಂಬಳ ನಿಲ್ಲಬಹುದು, ಸಹಿಯ ಅಧಿಕಾರ ನಿಲ್ಲಬಹುದು. ಬಾಳಿನ ಗುರಿಯೇ ನಿಲ್ಲಬೇಕೆಂದು ಶರಣರು ಎಲ್ಲಿಯೂ ಹೇಳಿಲ್ಲ.

ಆದರೂ ನಿವೃತ್ತರ ಮುಂದೆ ಮೂರು ತಪ್ಪು ದಾರಿಗಳು ತೆರೆದುಕೊಂಡಿವೆ.

ಮೊದಲನೆಯದು, ಕಳೆದ ಕುರ್ಚಿಯ ಸುತ್ತ ಸುಳಿಯುವ ದಾರಿ. ಸೇವೆಯ ವಿಸ್ತರಣೆ, ಗುತ್ತಿಗೆಯ ಮರುನೇಮಕ, ಸಮಿತಿಯ ಸದಸ್ಯತ್ವ, ಏನಾದರೊಂದು ಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಮರಳಿ ಸುರಿದು ಬರಲು ಕಳುಹಿಸಿದಳು. ರಾಯಚೂರು ಸೀಮೆಯ ಆ ಬಡ ಶರಣೆಗೆ ತಿಳಿದಿದ್ದ ಲೆಕ್ಕ ವಿದ್ಯಾವಂತರಿಗೆ ತಿಳಿಯದಿರುವುದು ಸೋಜಿಗ. ಪಿಂಚಣಿ ಬರುತ್ತಿರುವಾಗ ಮತ್ತೊಂದು ಸಂಬಳದ ಜಾಗಕ್ಕೆ ಕೈಚಾಚುವವನು, ನೌಕರಿಗಾಗಿ ಕಾದಿರುವ ಯುವಕನ ಪಾಲಿನ ಅಕ್ಕಿಯನ್ನು ಆಯುತ್ತಿದ್ದಾನೆ.

ಎರಡನೆಯದು, ದುಡಿದದ್ದು ಸಾಕು, ಇನ್ನು ಹಾಯಾಗಿರುವುದು ಎಂಬ ದಾರಿ. ದಣಿದ ದೇಹಕ್ಕೆ ವಿಶ್ರಾಂತಿ ಬೇಕು, ರೋಗಿಗೆ ಆರೈಕೆ ಬೇಕು. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ನೆಟ್ಟಗಿರುವ ದೇಹವನ್ನು ಇಪ್ಪತ್ತು ವರ್ಷ ಆರಾಮಕುರ್ಚಿಯಲ್ಲಿಡುವುದು ವಿಶ್ರಾಂತಿಯಲ್ಲ. ಮನೆಯ ಯಜಮಾನರು ನಿವೃತ್ತರಾದರೆ ಮನೆಯ ಯಜಮಾನಿತಿಗೆ ಎರಡು ಹೊತ್ತಿನ ಚಹಾ ನಾಲ್ಕು ಹೊತ್ತಿನದಾಗುತ್ತದೆ. ಆ ತಾಯಿಯ ಮೇ 31 ಯಾವಾಗ? ಹೆಣ್ಣಿಗೂ ಗಂಡಿಗೂ ಒಂದೇ ಕಾಯಕವ್ರತವೆಂದ ಧರ್ಮದಲ್ಲಿ ಹುಟ್ಟಿದವರು ಈ ಪ್ರಶ್ನೆಗೆ ಉತ್ತರಿಸಲೇಬೇಕು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ, ಆದ್ದರಿಂದ ಎಲ್ಲಕ್ಕಿಂತ ಅಪಾಯಕರ: ಇನ್ನೇನಿದ್ದರೂ ಶಿವಧ್ಯಾನವೊಂದೇ ಎಂಬ ದಾರಿ. ಕೇಳಲು ಭಕ್ತಿಯ ಮಾತು. ಒಳಗಿರುವುದು ಅನೇಕ ವೇಳೆ ಆಲಸ್ಯ. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸವೆಂದು ಆಯುಷ್ಯವನ್ನು ನಾಲ್ಕು ಕೋಣೆಗಳಾಗಿ ಒಡೆಯುವ ಕ್ರಮವನ್ನು ಶರಣರು ಅನುಸರಿಸಲಿಲ್ಲ. ದುಡಿಯುವಾಗ ಶಿವನನ್ನು ಮರೆತು, ದುಡಿಮೆ ಮುಗಿದ ಮೇಲೆ ನೆನೆಯುವ ಸೌಲಭ್ಯ ಅವರ ಧರ್ಮದಲ್ಲಿಲ್ಲ. ಶೂನ್ಯಸಂಪಾದನೆ ಹೇಳುವ ನುಲಿಯ ಚಂದಯ್ಯನ ಪ್ರಸಂಗ ಇಲ್ಲಿ ಸ್ಮರಣೀಯ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಕೆರೆಯ ನೀರಿಗೆ ಜಾರಿತು. ಚಂದಯ್ಯ ಹುಲ್ಲಿನ ಹೊರೆ ಹೊತ್ತು ನಡೆದನು; ಲಿಂಗವೇ ಅವನ ಬೆನ್ನು ಹತ್ತಿ ಬರಬೇಕಾಯಿತು. ಕಾಯಕ ಬಿಟ್ಟವನ ಬಳಿ ಲಿಂಗ ನಿಲ್ಲುವುದೆಂಬ ಭರವಸೆಯನ್ನು ಆ ಪ್ರಸಂಗ ಯಾರಿಗೂ ಕೊಡುವುದಿಲ್ಲ.

ಮಠಗಳೂ ಇಲ್ಲಿ ನಿರ್ದೋಷಿಗಳಲ್ಲ. ನಿವೃತ್ತ ಅಧಿಕಾರಿಯೊಬ್ಬರು ಭಕ್ತಿಯಿಂದ ಬಂದರೆ ಅವರಿಗೆ ಜಾತ್ರಾ ಸಮಿತಿಯ ಅಧ್ಯಕ್ಷತೆ, ವೇದಿಕೆಯ ಮುಂದಿನ ಸಾಲಿನ ಕುರ್ಚಿ. ಒಂದು ಕುರ್ಚಿಯಿಂದ ಇಳಿದವರಿಗೆ ಇನ್ನೊಂದು ಕುರ್ಚಿ ಕೊಟ್ಟು ಕಳುಹಿಸುವುದು ಅವರಿಗೆ ಮಾಡುವ ಉಪಕಾರವಲ್ಲ. ದಾಸೋಹದ ಮನೆಯಲ್ಲಿ ಎಲೆ ತೆಗೆಯುವ ಕೆಲಸ ಕೊಟ್ಟರೆ ಅವರ ಭಕ್ತಿಗೆ ನೆಲೆ ಸಿಕ್ಕೀತು. ಕಾಶ್ಮೀರದ ಅರಸೊತ್ತಿಗೆ ತೊರೆದು ಕಲ್ಯಾಣಕ್ಕೆ ಬಂದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನು ಅನುಭವ ಮಂಟಪದಲ್ಲಿ ಸಿಂಹಾಸನ ಕೇಳಲಿಲ್ಲ. ಕಟ್ಟಿಗೆಯ ಹೊರೆ ಹೊತ್ತು ಮಾರಿದನು.

ಹಾಗಾದರೆ ಸಾಯುವವರೆಗೂ ದುಡಿಯಬೇಕೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಐವಾನ್-ಎ-ಶಾಹಿಯ ಸರ್ಕಾರಿ ನೆರಳಿನಿಂದ ಹೊರಗೆ, ಹುಮನಾಬಾದಿನ ಹೆದ್ದಾರಿ ಹಿಡಿದು ಕಮಲಾಪುರದವರೆಗೆ ಒಯ್ದು ಕೇಳಬೇಕು. ಅಲ್ಲಿ ಕೆಂಪು ಬಾಳೆಯ ತೋಟದಲ್ಲಿ, ತೊಗರಿಯ ಹೊಲದಲ್ಲಿ ಕೂಲಿಗೆ ಬಾಗಿದ ಎಪ್ಪತ್ತರ ಮುದುಕನಿಗೆ ನಿವೃತ್ತಿಯೆಂಬ ಮಾತೇ ಇಲ್ಲ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ ಸಾವಿರದ ಆಸುಪಾಸು ಸಿಕ್ಕರೆ ಅದೇ ಅವನ ಪಾಲಿನ ಪಿಂಚಣಿ. ಅವನಿಗೆ ಕಾಯಕದ ಮಹಿಮೆಯನ್ನು ಉಪದೇಶಿಸುವುದು ಕ್ರೌರ್ಯ. ಹೊಟ್ಟೆಯ ಬೆಂಕಿ ದುಡಿಸುವ ದುಡಿಮೆಯನ್ನು ಶರಣರು ವ್ರತವೆಂದು ಕರೆದಿಲ್ಲ. ವಿಶ್ರಾಂತಿ ಸಲ್ಲಬೇಕಾದದ್ದು ಅವನಿಗೆ. ಕಾಯಕವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿರುವುದು ಹೊಟ್ಟೆಯ ಚಿಂತೆ ನೀಗಿದ ನಿವೃತ್ತನಿಗೆ.

ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಎಂಬ ಮಾತು ಇಲ್ಲಿ ಎದುರಾಗುವುದು ಸಹಜ. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಆ ದಿನ ಇಂದಿಗೂ ಪಿಂಚಣಿದಾರರ ದಿನ. ಹಕ್ಕೆಂಬುದು ಸತ್ಯ. ಆದರೆ ಆ ಹಕ್ಕು ತುಂಬುವ ಬೊಕ್ಕಸದಲ್ಲಿ ಕಮಲಾಪುರದ ಕೂಲಿಯವನು ಕೊಂಡ ಬೆಂಕಿಪೊಟ್ಟಣದ ತೆರಿಗೆಯೂ ಇದೆ. ಹಕ್ಕಿನಿಂದ ಪಡೆದದ್ದಕ್ಕೂ ಋಣವಿರುತ್ತದೆಂಬುದೇ ದಾಸೋಹದ ತಿರುಳು.

ಆ ಋಣ ತೀರಿಸುವ ಕೆಲಸ ದೂರದಲ್ಲಿಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಫಲಿತಾಂಶ ಶೇಕಡಾ 91.12, ಕಲಬುರಗಿಯದು ಶೇಕಡಾ 42.43, ರಾಜ್ಯದಲ್ಲೇ ಕೊನೆಯ ಸ್ಥಾನ. ಮೂವತ್ತು ವರ್ಷ ಗಣಿತ ಕಲಿಸಿದವರು ಬೆಳಗಿನ ನಡಿಗೆ ಮುಗಿಸಿ ಪತ್ರಿಕೆಯಲ್ಲಿ ಈ ಅಂಕಿ ಓದಿ, ಕಾಲ ಕೆಟ್ಟಿತೆಂದು ನಿಟ್ಟುಸಿರಿಡುತ್ತಾರೆ. ಸಂಜೆ ಎರಡು ಗಂಟೆ, ಹತ್ತು ಮಕ್ಕಳು, ಒಂದು ಕರಿಹಲಗೆ ಸಾಕಿತ್ತು. ಕಂದಾಯ ಇಲಾಖೆಯಲ್ಲಿ ಆಯುಷ್ಯ ಸವೆಸಿದವರಿಗೆ ಪಹಣಿಯ ತಿದ್ದುಪಡಿ ಯಾವ ಮೇಜಿನ ಮೇಲೆ ನಿಲ್ಲುತ್ತದೆಂಬುದು ಚೆನ್ನಾಗಿ ಗೊತ್ತು. ವಿಧವೆಯೊಬ್ಬಳ ಅರ್ಜಿ ಬರೆದುಕೊಡಲು ಯಾವ ಹುದ್ದೆಯೂ ಬೇಕಿಲ್ಲ. ದಾದಿಯಾಗಿದ್ದವರಿಗೆ ಓಣಿಯ ಬಾಣಂತಿಯರಿದ್ದಾರೆ. ನಿವೃತ್ತಿಯ ನಂತರ ಗುರಿ ಕಾಣದೆಂದು ಹಲುಬುವವರು ತಮ್ಮ ಓಣಿಯ ಕೊನೆಯವರೆಗೆ ನಡೆದು ನೋಡಿಲ್ಲ.

ಇದು ಅಸಾಧ್ಯದ ಮಾತಲ್ಲ. ಬಿ.ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳಾಗಿದ್ದವರು. 1979ರಲ್ಲಿ ಉಪರಾಷ್ಟ್ರಪತಿ ಹುದ್ದೆಯಿಂದ ಇಳಿದ ಮೇಲೆ, 1964ರಲ್ಲಿ ತಾವೇ ಸ್ಥಾಪಿಸಿದ್ದ ಬಸವ ಸಮಿತಿಯ ಮೂಲಕ ವಚನಪ್ರಸಾರದ ಕೆಲಸ ಅವರನ್ನು ಕಾದಿತ್ತು. ಇದೇ ಕಲಬುರಗಿಯ ಶರಣಬಸವೇಶ್ವರರು ಅರಳಗುಂಡಗಿಯ ಒಕ್ಕಲುತನದ ಮನೆಯವರು. ಸಂಸಾರದ ಬಂಧಗಳು ಕಳಚಿದ ಮೇಲೆ ಅವರು ಕಾಡಿಗೆ ಹೋಗಲಿಲ್ಲ, ಈ ಊರಿಗೆ ಬಂದರು. 1822ರಲ್ಲಿ ಅವರು ಲಿಂಗೈಕ್ಯರಾದ ಬಳಿಕವೂ ಉಳಿದ ದಾಸೋಹದ ಪರಂಪರೆ ಆ ಎರಡನೆಯ ಬಾಳಿನ ಫಲ.

ಅತಿಥಿಗೃಹದ ಬೀಗದ ಕೈಯನ್ನು ಒಂದು ದಿನ ಒಪ್ಪಿಸಲೇಬೇಕು. ಒಪ್ಪಿಸಿದವನ ಎರಡೂ ಕೈಗಳು ಆಗ ಬರಿದಾಗಿರುತ್ತವೆ. ಬರಿಗೈಯೆಂದು ಅಳುವುದೋ, ಹೊರೆ ಹೊರಲು ಕೈ ಬಿಡುವಾಯಿತೆಂದು ಎದ್ದು ನಿಲ್ಲುವುದೋ, ಅದನ್ನು ತೀರ್ಮಾನಿಸಬೇಕಾದವರು ನಿವೃತ್ತರೇ.