ಮತ್ತೊಂದು ಆಟ: ಹೀರೋ ಯಾಕೆ ಹಾರಲಿಲ್ಲ?



ಹೋದ ವಾರದ ಟಪಾಲಿನಲ್ಲಿ ಒಂದು ಕಾರ್ಡು ಬಂತು. ಬರೆದವರು ದಾವಣಗೆರೆ ಕಡೆಯ ಓದುಗರು. ‘ಸ್ವಾಮಿ, ಕಣ್ಣೆದುರಿಗೆ ನಾಯಕಿ ಸಾಯ್ತಿದ್ರೆ ಸುಮ್ಮನೆ ನಿಂತವನನ್ನ ಹೀರೋ ಅನ್ನಬಹುದಾ?’ ಇಷ್ಟೇ ಪ್ರಶ್ನೆ. ಯಾವ ಚಿತ್ರ, ಯಾರು ನಾಯಕ, ಒಂದೂ ಇಲ್ಲ. ಆದರೆ ಓದಿದ ಕೂಡಲೇ ನನ್ನ ಕಣ್ಣಮುಂದೆ ಒಂದು ರಸ್ತೆ ಬಂತು, ಒಂದು ಲಾರಿ ಬಂತು, ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸು ಬಂದಳು. ಅವತ್ತು ರಾತ್ರಿಯೇ ಊಟ ಮುಗಿಸಿ ಕೂತು ಆ ಕಂತನ್ನ ಇನ್ನೊಮ್ಮೆ ನೋಡಿಬಿಟ್ಟೆ. ಐವತ್ತು ನಿಮಿಷದ ಕಥೆ. ನಿದ್ದೆ ಮಾತ್ರ ಬೆಳಗಿನ ಜಾವದವರೆಗೂ ಬರಲಿಲ್ಲ!

ಸಿನಿಮಾ ಪತ್ರಿಕೆಯಲ್ಲಿ ಟೀವಿ ಮಾತು ಯಾಕೆ ಅಂತೀರಾ? ತಾಳಿ, ಇದರೊಳಗೆ ಸಿನಿಮಾನೂ ಇದೆ.

ನಾನು ಹೇಳ್ತಿರೋದು ‘ಸ್ಟಾರ್ ಟ್ರೆಕ್’ ವಿಷಯ. ಜೀನ್ ರಾಡನ್‌ಬರಿ ಎಂಬಾತ ಹುಟ್ಟುಹಾಕಿದ ಅಮೆರಿಕದ ಸರಣಿ. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿಯಲ್ಲಿ ಶುರುವಾಗಿ 1969ರ ಜೂನ್‌ನಲ್ಲಿ ನಿಂತಿತು. ಒಟ್ಟು 79 ಕಂತು. ಎಂಟರ್‌ಪ್ರೈಸ್ ಎಂಬ ಆಕಾಶನೌಕೆ. ಅದರ ಕ್ಯಾಪ್ಟನ್ ಕರ್ಕ್ (ವಿಲಿಯಂ ಶಾಟ್ನರ್), ಚೂಪು ಕಿವಿಯ ಸ್ಪಾಕ್ (ಲಿಯೊನಾರ್ಡ್ ನಿಮಾಯ್), ಮುಂಗೋಪಿ ಡಾಕ್ಟರ್ ಮೆಕಾಯ್ (ಡಿಫಾರೆಸ್ಟ್ ಕೆಲ್ಲಿ). 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಭಾನುವಾರ ಬೆಳಿಗ್ಗೆ ಬರ್ತಿತ್ತು, ಹಿರಿಯ ಓದುಗರಿಗೆ ನೆನಪಿರಬೇಕು. ಪಕ್ಕದ ಮನೆಯ ಕಪ್ಪುಬಿಳುಪು ಟೀವಿ ಮುಂದೆ ನೆಲದ ಮೇಲೆ ಕೂತು ನೋಡಿದವರಲ್ಲಿ ನಾನೂ ಒಬ್ಬ. ಇಂಗ್ಲಿಷು ಅರ್ಧ ಅರ್ಥವಾಗ್ತಿತ್ತು, ಸ್ಪಾಕ್‌ನ ಕಿವಿ ಪೂರ್ತಿ ಅರ್ಥವಾಗ್ತಿತ್ತು!

ಈ ಕಂತನ್ನ ಮಾತ್ರ ನಾನು ಮೊದಲು ನೋಡಿದ್ದು ಗೆಳೆಯನೊಬ್ಬನ ಮನೆಯಲ್ಲಿ, ವಿಡಿಯೋ ಕ್ಯಾಸೆಟ್ಟಿನಲ್ಲಿ. ಅವನಣ್ಣ ಗಲ್ಫ್‌ನಿಂದ ವಿಸಿಆರ್ ತಂದಿದ್ದ. ಹೆಸರು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ಮೊದಲ ಸೀಸನ್ನಿನ 28ನೇ ಕಂತು. ಅಮೆರಿಕದಲ್ಲಿ ಪ್ರಸಾರವಾದದ್ದು 1967ರ ಏಪ್ರಿಲ್ 6ರಂದು. ನಿರ್ದೇಶನ ಜೋಸೆಫ್ ಪೆವ್ನಿ.

ಕಥೆ ಕೇಳಿ. ನೌಕೆ ಅಲುಗಾಡಿದಾಗ ಡಾಕ್ಟರ್ ಮೆಕಾಯ್ ಕೈಯಲ್ಲಿದ್ದ ಔಷಧ ಆಕಸ್ಮಿಕವಾಗಿ ಅವನಿಗೇ ಚುಚ್ಚಿಕೊಳ್ಳುತ್ತೆ. ಕೆಲವೇ ಹನಿ ಕೊಡಬೇಕಾದ ಔಷಧ ಪೂರ್ತಿ ಮೈಗೇರಿ ತಲೆ ಕೆಟ್ಟು, ಕೆಳಗಿನ ಗ್ರಹಕ್ಕೆ ಓಡಿಹೋಗ್ತಾನೆ. ಅಲ್ಲೊಂದು ಮಾತಾಡುವ ಕಲ್ಲಿನ ಬಾಗಿಲು. ಅದರೊಳಗೆ ಹಾರಿದರೆ ಹಿಂದಿನ ಕಾಲ! ಡಾಕ್ಟರ್ ಹಾರೇಬಿಡ್ತಾನೆ. ಮರುಕ್ಷಣವೇ ಮೇಲಿದ್ದ ನೌಕೆ ಮಾಯ. ಡಾಕ್ಟರ್ ಹಿಂದಿನ ಕಾಲದಲ್ಲಿ ಏನೋ ಮಾಡಿ ಚರಿತ್ರೆಯನ್ನೇ ತಿರುಗಿಸಿಬಿಟ್ಟಿದಾನೆ. ಅದೇನು ಅಂತ ಹುಡುಕಿ ಸರಿಮಾಡೋಕೆ ಕರ್ಕ್ ಮತ್ತು ಸ್ಪಾಕ್ ಅದೇ ಬಾಗಿಲಲ್ಲಿ ಹಾರ್ತಾರೆ. ಬಿದ್ದದ್ದು ಎಲ್ಲಿ? 1930ರ ನ್ಯೂಯಾರ್ಕ್‌ನಲ್ಲಿ!

ಕೆಲಸವಿಲ್ಲ, ಕೂಳಿಲ್ಲ, ಬೀದಿ ತುಂಬ ಹಸಿದ ಗಂಡಸರು. ಮಹಾ ಕುಸಿತದ ಕಾಲ ಅದು. ನಮ್ಮವರಿಬ್ಬರೂ ಒಣಗಿಹಾಕಿದ್ದ ಬಟ್ಟೆ ಕದ್ದು ಪೊಲೀಸಿನವನ ಕೈಗೆ ಸಿಕ್ಕಿಬೀಳ್ತಾರೆ. ಸ್ಪಾಕ್‌ನ ಕಿವಿಗೆ ಕ್ಯಾಪ್ಟನ್ ಕೊಡುವ ಕಾರಣ ಕೇಳಿದರೆ ಹೊಟ್ಟೆ ಹಿಡ್ಕೊಂಡು ನಗ್ತೀರಿ. ಚಿಕ್ಕವನಾಗಿದ್ದಾಗ ಇವನ ತಲೆ ಭತ್ತದ ಯಂತ್ರಕ್ಕೆ ಸಿಕ್ಕಿಹಾಕಿಕೊಂಡಿತ್ತಂತೆ! ಅಲ್ಲಿಂದ ತಪ್ಪಿಸಿಕೊಂಡು ನುಗ್ಗಿದ್ದು ಒಂದು ಗಂಜಿ ಕೇಂದ್ರದ ನೆಲಮಾಳಿಗೆಗೆ. ಅದನ್ನ ನಡೆಸೋಳೇ ಈಡಿತ್ ಕೀಲರ್. ನಾಯಕಿ.

ಜೋನ್ ಕಾಲಿನ್ಸ್ ಗೊತ್ತಲ್ಲ? 1981ರಿಂದ ‘ಡೈನಸ್ಟಿ’ಯಲ್ಲಿ ಘಾಟಿ ಅಲೆಕ್ಸಿಸ್ ಆಗಿ ಊರನ್ನೇ ಆಡಿಸಿದಾಕೆ. ಇಲ್ಲಿ ಆಕೆಯ ಕಣ್ಣಲ್ಲಿ ಘಾಟು ಒಂದಿಷ್ಟೂ ಇಲ್ಲ. ಹಸಿದವರಿಗೆ ಸೂಪು ಬಡಿಸಿ, ನಿಂತು ಭಾಷಣ ಮಾಡ್ತಾಳೆ. ಒಂದು ದಿನ ಮನುಷ್ಯ ನಕ್ಷತ್ರಗಳಿಗೆ ಹೋಗ್ತಾನೆ, ಆ ಬುದ್ಧಿಯಿಂದಲೇ ಹಸಿವನ್ನೂ ರೋಗವನ್ನೂ ಓಡಿಸ್ತಾನೆ ಅಂತ. ಸೂಪು ಕುಡಿಯೋರು ಆಕಳಿಸ್ತಾರೆ. ಆದರೆ ನಕ್ಷತ್ರದಿಂದಲೇ ಬಂದವನೊಬ್ಬ ಮೂಲೆಯಲ್ಲಿ ಕೂತು ಬಾಯಿಬಿಟ್ಟು ಕೇಳ್ತಿದಾನೆ! ಗಂಟೆಗೆ 15 ಸೆಂಟ್ ಕೂಲಿಗೆ ಕಸ ಗುಡಿಸುವ ಕ್ಯಾಪ್ಟನ್ನಿಗೆ ಅಲ್ಲೇ ಪ್ರೀತಿ ಹತ್ತಿಕೊಳ್ಳುತ್ತೆ.

ಇನ್ನೊಂದು ಕಡೆ ಸ್ಪಾಕ್ ಬಾಡಿಗೆ ಕೋಣೆಯಲ್ಲಿ ಹಳೇ ವಾಲ್ವು, ತಂತಿ ಸೇರಿಸಿ ಯಂತ್ರ ಕಟ್ತಾನೆ. ಅದರಲ್ಲಿ ಮುಂದಾಗುವ ಚರಿತ್ರೆ ಎರಡು ಥರ ಕಾಣಿಸುತ್ತೆ. ಒಂದರಲ್ಲಿ ಈಡಿತ್ 1930ರಲ್ಲೇ ರಸ್ತೆ ಅಪಘಾತದಲ್ಲಿ ಸತ್ತಿದಾಳೆ. ಇನ್ನೊಂದರಲ್ಲಿ ಬದುಕುಳಿದು ದೊಡ್ಡ ಶಾಂತಿ ಚಳವಳಿ ಕಟ್ತಾಳೆ, ಅಧ್ಯಕ್ಷ ರೂಸ್‌ವೆಲ್ಟ್‌ನನ್ನೇ ಭೇಟಿ ಮಾಡ್ತಾಳೆ. ಅವಳ ಮಾತು ಕೇಳಿ ಅಮೆರಿಕ ಯುದ್ಧಕ್ಕಿಳಿಯೋದು ತಡವಾಗುತ್ತೆ. ಅಷ್ಟರಲ್ಲಿ ಹಿಟ್ಲರ್ ಅಣುಬಾಂಬ್ ಮಾಡಿಕೊಂಡು ಲೋಕ ಗೆದ್ದುಬಿಡ್ತಾನೆ. ಅಂದರೆ ಡಾಕ್ಟರ್ ಮಾಡಿದ ತಪ್ಪು ಏನು ಗೊತ್ತಾಯ್ತಾ? ಒಂದು ಜೀವ ಉಳಿಸಿದ್ದು!

ಈಗ ಸಿನಿಮಾದ ಮಾತಿಗೆ ಬರ್ತೀನಿ. ಕೊನೆಯ ದೃಶ್ಯದಲ್ಲಿ ಈಡಿತ್ ಮತ್ತು ಕ್ಯಾಪ್ಟನ್ ಕೈಕೈ ಹಿಡಿದು ಹೊರಟಿದಾರೆ. ಕ್ಲಾರ್ಕ್ ಗೇಬಲ್ ಚಿತ್ರಕ್ಕೆ ಹೋಗೋಣ ಅಂತಾಳೆ. ಯಾರವನು ಅಂತಾನೆ ಇವನು. ನಮ್ಮ ಊರಲ್ಲಿ ಒಬ್ಬ ಅಣ್ಣಾವ್ರು ಯಾರು ಅಂತ ಕೇಳಿದ ಹಾಗೆ! ಡಾಕ್ಟರ್ ಮೆಕಾಯ್ ಕೂಡ ಹೀಗೇ ಕೇಳಿದ್ರು ಅಂತ ಆಕೆ ನಗ್ತಾಳೆ. ಅಷ್ಟೇ ಸಾಕಾಯ್ತು. ಡಾಕ್ಟರ್ ಇಲ್ಲೇ ಇದಾನೆ ಅಂತ ಕ್ಯಾಪ್ಟನ್ನಿಗೆ ಗೊತ್ತಾಗುತ್ತೆ. ಅವಳನ್ನ ಅಲ್ಲೇ ನಿಲ್ಲಿಸಿ ರಸ್ತೆ ದಾಟಿ ಓಡ್ತಾನೆ. ಒಬ್ಬ ನಟನ ಹೆಸರು ಗೊತ್ತಿಲ್ಲದ್ದರಿಂದ ಕಥೆ ತಿರುಗಿತು ನೋಡಿ.

ಇಲ್ಲೊಂದು ಎಡವಟ್ಟೂ ಇದೆ. 1930ರಲ್ಲಿ ಗೇಬಲ್ ಇನ್ನೂ ಸ್ಟಾರ್ ಆಗಿರಲಿಲ್ಲ, ಅವನ ಹೆಸರು ಮೆರೆದದ್ದು 1931ರಿಂದ ಈಚೆಗೆ. ಆದರೂ ಕ್ಷಮಿಸಬಹುದು. ಯಾಕೆ ಗೊತ್ತಾ? ಈ ಬೀದಿಯ ಚಿತ್ರೀಕರಣ ನಡೆದದ್ದು ಕಲ್ವರ್ ಸಿಟಿಯ ‘ಫಾರ್ಟಿ ಏಕರ್ಸ್’ ಎಂಬ ಹೊರಾಂಗಣದಲ್ಲಿ. ಅದೇ ಜಾಗದಲ್ಲಿ 1939ರ ‘ಗಾನ್ ವಿತ್ ದಿ ವಿಂಡ್’ಗೆ ಅಟ್ಲಾಂಟಾ ಊರಿನ ಸೆಟ್ ಹಾಕಿದ್ದರು. ಅದರ ನಾಯಕ ಯಾರು? ಕ್ಲಾರ್ಕ್ ಗೇಬಲ್! ಮುಂದೆ ಅದೇ ಬೀದಿ ‘ಆಂಡಿ ಗ್ರಿಫಿತ್ ಶೋ’ ಹಳ್ಳಿಯಾಯ್ತು. ಕ್ಯಾಪ್ಟನ್ ಮತ್ತು ಈಡಿತ್ ನಡೆದು ಬರುವಾಗ ಹಿಂದೆ ಗಮನಿಸಿ, ಆ ಸರಣಿಯ ಫ್ಲಾಯ್ಡ್ ಕ್ಷೌರದಂಗಡಿಯ ಬೋರ್ಡು ಹಾಗೇ ಇದೆ. ನಮ್ಮ ಗಾಂಧಿನಗರದಲ್ಲೂ ಒಂದೇ ಬಂಗಲೆ ಹತ್ತು ಚಿತ್ರಗಳಲ್ಲಿ ಹತ್ತು ಜನ ಜಮೀನ್ದಾರರ ಮನೆ ಆಗಲಿಲ್ಲವೇ?

ತೆರೆಯ ಹಿಂದೆಯೂ ಜಗಳ. ಕಥೆ ಬರೆದವನು ಹಾರ್ಲನ್ ಎಲಿಸನ್, ಭಾರಿ ಸಿಡುಕಿನ ಲೇಖಕ. ಅವನ ಚಿತ್ರಕಥೆಯನ್ನ ರಾಡನ್‌ಬರಿ, ಜೀನ್ ಕೂನ್, ಡಿ.ಸಿ. ಫಾಂಟಾನಾ ಮುಂತಾದವರು ತಿದ್ದಿದರು. ಎಲಿಸನ್‌ನ ಮೂಲ ಕಥೆಯಲ್ಲಿ ಕ್ಯಾಪ್ಟನ್ ಕೊನೆಗೆ ಸೋತುಹೋಗ್ತಾನೆ. ಅವಳು ಸಾಯಲಿ ಅಂತ ಬಿಡೋಕೆ ಅವನ ಕೈಲಿ ಆಗೋದಿಲ್ಲ, ಆ ಕೆಲಸ ಸ್ಪಾಕ್‌ನ ಪಾಲಿಗೆ ಬರುತ್ತೆ. ತಿದ್ದಿದ ಕಥೆಯಲ್ಲಿ ಕ್ಯಾಪ್ಟನ್ನೇ ಮಾಡಬೇಕು. ತಮಾಷೆ ಏನಂದರೆ, ಎಲಿಸನ್‌ನ ಮೂಲ ಬರಹಕ್ಕೆ ಲೇಖಕರ ಸಂಘದ ಪ್ರಶಸ್ತಿ, ತಿದ್ದಿ ತೆಗೆದ ಕಂತಿಗೆ 1968ರ ಹ್ಯೂಗೋ ಪ್ರಶಸ್ತಿ! ಇಬ್ಬರೂ ಗೆದ್ದರು. ಎಲಿಸನ್ ಮಾತ್ರ 2018ರಲ್ಲಿ ತೀರಿಕೊಳ್ಳೋವರೆಗೂ ಆ ಸಿಟ್ಟು ಬಿಡಲಿಲ್ಲ.

ಇನ್ನು ಆ ಲಾರಿ.

ರಸ್ತೆಯ ಆಚೆ ಮೂವರು ಗೆಳೆಯರು ತಬ್ಬಿಕೊಂಡಿದಾರೆ. ಏನಾಯ್ತಪ್ಪಾ ಇವರಿಗೆ ಅಂತ ಕುತೂಹಲದಿಂದ ಈಡಿತ್ ರಸ್ತೆಗಿಳೀತಾಳೆ. ಲಾರಿ ಬರ್ತಿದೆ. ಕ್ಯಾಪ್ಟನ್ ಮುಂದೆ ನುಗ್ತಾನೆ. ಸ್ಪಾಕ್ ಬೇಡ ಅಂತ ಕೂಗ್ತಾನೆ. ಕ್ಯಾಪ್ಟನ್ ನಿಲ್ತಾನೆ. ಆಗ ಡಾಕ್ಟರ್ ನುಗ್ತಾನೆ. ಅವನನ್ನ ಕ್ಯಾಪ್ಟನ್ನೇ ಬಿಗಿಯಾಗಿ ತಬ್ಬಿ ಹಿಡೀತಾನೆ. ಬ್ರೇಕಿನ ಕಿರುಚಾಟ. ಮುಗೀತು. ನಾನು ಉಳಿಸಬಹುದಿತ್ತು, ನೀನೇನು ಮಾಡಿದೆ ಅಂತ ಗೊತ್ತಾ ಅಂತ ಡಾಕ್ಟರ್ ಕೇಳ್ತಾನೆ. ಕ್ಯಾಪ್ಟನ್ ಉತ್ತರ ಕೊಡೋದಿಲ್ಲ. ಅವನಿಗೆ ಗೊತ್ತು ಅಂತ ಸ್ಪಾಕ್ ಮೆಲ್ಲಗೆ ಹೇಳ್ತಾನೆ.

ಅವತ್ತು ಕ್ಯಾಸೆಟ್ ಮುಗಿದಾಗ ನನ್ನ ಗೆಳೆಯ ಎದ್ದುನಿಂತು ಬೈದಿದ್ದ. “ಥೂ, ಇವನ್ಯಾವ ಸೀಮೆ ಹೀರೋನೋ! ನಮ್ಮವನಾಗಿದ್ರೆ ಲಾರಿಗೆ ಅಡ್ಡ ಹಾರಿ ಅವಳನ್ನ ಎಳ್ಕೋತಿದ್ದ. ಹಿಟ್ಲರ್‌ನ ಆಮೇಲೆ ನೋಡ್ಕೋತಿದ್ದ!” ನಾನೂ ಹೌದು ಹೌದು ಅಂದಿದ್ದೆ. ಇಪ್ಪತ್ತರ ವಯಸ್ಸು, ಇನ್ನೇನು ಹೇಳ್ತೀರಿ?

ಈ ಸಲ ನೋಡುವಾಗ ಅವತ್ತು ಕಣ್ಣಿಗೇ ಬೀಳದಿದ್ದ ಒಂದು ದೃಶ್ಯ ಸಿಕ್ಕಿತು. ಅಪಘಾತಕ್ಕೆ ಸ್ವಲ್ಪ ಮೊದಲು ಈಡಿತ್ ಮೆಟ್ಟಿಲ ಮೇಲೆ ಕಾಲು ಜಾರಿ ಬೀಳೋಕೆ ಹೋಗ್ತಾಳೆ. ಕ್ಯಾಪ್ಟನ್ ಪಕ್ಕನೆ ಹಿಡ್ಕೋತಾನೆ. ಯೋಚನೆಯೇ ಇಲ್ಲ, ಕೈ ತಾನಾಗಿ ಹೋಗುತ್ತೆ. ಅವಳು ಬಿದ್ದು ಸಾಯಬೇಕಾಗಿದ್ದದ್ದು ಇಲ್ಲೇ ಇರಬಹುದಿತ್ತು ಅಂತ ಸ್ಪಾಕ್ ಎಚ್ಚರಿಸ್ತಾನೆ. ಅಂದರೆ ಹಾರೋಕೆ ಬಾರದವನಲ್ಲ ಇವನು. ಹಾರೋದೇ ಇವನ ಸ್ವಭಾವ. ರಸ್ತೆಯಲ್ಲಿ ತನ್ನ ಕೈಯನ್ನ ತಾನೇ ಹಿಡಿದು ನಿಲ್ಲಿಸಬೇಕಾಯ್ತು. ನಮ್ಮ ಚಿತ್ರಗಳಲ್ಲಿ ಹೀರೋ ಹತ್ತು ಜನರನ್ನ ಹೊಡೀತಾನೆ, ನಾವು ಶಿಳ್ಳೆ ಹಾಕ್ತೀವಿ. ಇವನು ಹೊಡೆದದ್ದು ಒಬ್ಬನನ್ನೇ, ತನ್ನನ್ನ. ಶಿಳ್ಳೆ ಹಾಕೋಕೆ ಯಾರಿಗೂ ಬಾಯಿ ಬರಲ್ಲ.

ಹಾಗಾದರೆ ಅವನು ಮಾಡಿದ್ದು ಸರಿಯಾ? ಇಲ್ಲಿ ನನಗೊಂದು ತಕರಾರಿದೆ ಮಿತ್ರರೇ. ಈ ಕಂತು ಬಂದ ವಾರ ಯಾವುದು ನೋಡಿ. 1967ರ ಏಪ್ರಿಲ್ 4ರಂದು ಅದೇ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ಭಾಷಣ ಮಾಡಿದರು. ಎರಡೇ ದಿನಕ್ಕೆ ಟೀವಿಯಲ್ಲಿ ಶಾಂತಿ ಬೋಧಿಸುವ ಹೆಂಗಸು ಸಾಯಲೇಬೇಕು ಅನ್ನುವ ಈ ಕಥೆ! ಕಿಂಗ್ ಈ ಸರಣಿಯ ಅಭಿಮಾನಿ. ಉಹುರಾ ಪಾತ್ರದ ನಿಚೆಲ್ ನಿಕೋಲ್ಸ್ ಬಿಟ್ಟುಹೋಗಬೇಕೆಂದಿದ್ದಾಗ ಬೇಡ ಅಂತ ತಡೆದವರು ಅವರೇ ಅಂತ ಆಕೆಯೇ ಹೇಳಿದ್ದಾರೆ. ಮರುವರ್ಷ, 1968ರ ಅದೇ ಏಪ್ರಿಲ್ 4ರಂದು, ಕಿಂಗ್‌ರನ್ನ ಗುಂಡಿಟ್ಟು ಕೊಂದರು.

ಈಡಿತ್ ಹೇಳಿದ್ದು ಸರಿ, ಆದರೆ ಹೊತ್ತು ಸರಿಯಿರಲಿಲ್ಲ ಅಂತ ಕಥೆಯಲ್ಲಿ ಸ್ಪಾಕ್ ಹೇಳ್ತಾನೆ. ಹೇಳಬಹುದು, ಅವನ ಕೈಲಿ ಯಂತ್ರ ಇತ್ತು. ಮುಂದಾಗೋದನ್ನ ಕಣ್ಣಾರೆ ನೋಡಿದ್ದ. ಆದರೆ ಈ ಭೂಮಿ ಮೇಲೆ ಹೊತ್ತು ಸರಿಯಿಲ್ಲ, ಸ್ವಲ್ಪ ಜನ ಸತ್ತರೂ ಪರವಾಗಿಲ್ಲ, ಮುಂದೆ ಒಳ್ಳೇದಾಗುತ್ತೆ ಅಂತ ಹೇಳುವ ಯಾವ ದೊಡ್ಡಮನುಷ್ಯನ ಕೈಲೂ ಅಂಥ ಯಂತ್ರ ಇಲ್ಲ. ಆದ್ದರಿಂದ ಕ್ಯಾಪ್ಟನ್ ಮಾಡಿದ್ದನ್ನ ನಾವು ನೀವು ಮಾಡೋ ಹಾಗಿಲ್ಲ. ನಮಗಿರೋದು ಡಾಕ್ಟರ್ ದಾರಿ. ಲಾರಿ ಕಂಡರೆ ಹಾರಬೇಕು, ಅಷ್ಟೇ.

ರಾತ್ರಿ ತಡೆಯಲಾರದೆ ಆ ಹಳೇ ಗೆಳೆಯನಿಗೆ ಫೋನ್ ಮಾಡಿದೆ. ಎಷ್ಟೋ ವರ್ಷದ ಮೇಲೆ. ಮೊದಲು ಗಾಬರಿಬಿದ್ದ, ಆಮೇಲೆ ನಕ್ಕ. “ಲೋ, ಅದನ್ನ ಇನ್ನೂ ನೆನಪಿಟ್ಕೊಂಡಿದೀಯೇನೋ?” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ಅಪ್ಪನ ಕೊನೆಯ ದಿನಗಳಲ್ಲಿ ಇನ್ನು ಆಸ್ಪತ್ರೆ ಸಾಕು, ಮನೆಗೆ ಕರ್ಕೊಂಡು ಹೋಗೋಣ ಅಂತ ತೀರ್ಮಾನ ಮಾಡಬೇಕಾಗಿ ಬಂದದ್ದು ಇವನಿಗೇ. ತಮ್ಮಂದಿರು ಕೂಗಾಡಿದ್ದರು. ಅದು ನನಗೆ ಗೊತ್ತಿತ್ತು. ಅವನು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

“ನಾನು ಇವತ್ತಿಗೂ ಡಾಕ್ಟರ್ ಕಡೆನೇ ಕಣೋ,” ಅಂದ ಕೊನೆಗೆ. “ಆದ್ರೆ ಆ ಕ್ಯಾಪ್ಟನ್ ಮೇಲೆ ಈಗ ಕೋಪ ಇಲ್ಲ.”

ದಾವಣಗೆರೆಯ ಮಿತ್ರರೇ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ತಿರ ಇಲ್ಲ. ನೀವು ಕೇಳಿದ್ದು ಬೇರೆ ಯಾವುದೋ ಚಿತ್ರದ ವಿಷಯ ಆಗಿದ್ದರೆ ಹೆಸರು ಬರೆದು ಇನ್ನೊಂದು ಕಾರ್ಡು ಹಾಕಿ. ಉಳಿದವರೂ ಬರೀರಿ. ನೀವು ಆ ರಸ್ತೆಯಲ್ಲಿದ್ದಿದ್ದರೆ ಹಾರ್ತಿದ್ರಾ, ನಿಲ್ತಿದ್ರಾ?

ಮುಂದಿನ ವಾರ ಮತ್ತೊಂದು ಆಟಕ್ಕೆ ಸಿಗೋಣ. ಬಸ್ಸು ಹೊರಟಿದ್ದರೆ ಓಡಿ ಹತ್ತಬೇಡಿ, ಹಿಂದೆ ಇನ್ನೊಂದು ಇರುತ್ತೆ!