ಬೆಟ್ಟದ ರಂಗಭಾವ
ಈ ವಾರ ಯಳಂದೂರಿನಿಂದ ಬೆಟ್ಟಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಕಾಲೇಜು ಹುಡುಗಿ ಮೊಬೈಲಿನಲ್ಲಿ ಧಾರಾವಾಹಿಯೊಂದರಲ್ಲಿ ಮುಳುಗಿದ್ದಳು. ಬಡವರ ಮನೆ ಹುಡುಗಿ, ಅವಳಿಗೆ ಮನಸೋತ ರಾಜಕುಮಾರ, ಮೂಗು ಮುರಿಯುವ ಅರಮನೆ ಹೆಂಗಸರು. ಇಂಥ ಕಥೆಗಳು ನನಗೂ ಇಷ್ಟ. ಆದರೆ ಬಸ್ಸು ಹತ್ತುತ್ತಿದ್ದ ಬಿಳಿಗಿರಿಯಲ್ಲೇ ಇದಕ್ಕಿಂತ ಸೊಗಸಾದ ಪ್ರೇಮಕಥೆ ಇದೆ. ಬೆಟ್ಟದ ದೇವರು ರಂಗನಾಥ ಇಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತು ಮದುವೆಯಾದ. ಅಂದಿನಿಂದ ಸೋಲಿಗರಿಗೆಲ್ಲ ಅವನು ರಂಗಭಾವ. ಮೇಲುಕೋಟೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಚೆಲುವನಾರಾಯಣನಿಗೆ ಒಲಿದ ಬೀಬಿ ನಾಚಿಯಾರ್ ಸುಲ್ತಾನನ ಮಗಳು, ದೆಹಲಿಯ ಅರಮನೆ ಬಿಟ್ಟು ತಾನೇ ದೇವರನ್ನು ಅರಸಿ ಬಂದವಳು. ಇಲ್ಲಿ ಹುಡುಗಿ ಗೆಡ್ಡೆಗೆಣಸು ಅಗೆದು, ಜೇನು ಕಿತ್ತು ಬದುಕುವವರ ಮನೆಯವಳು. ಅರಸಿ ಬಂದವನು ದೇವರು! ಅವಳು ಯಾವ ಅರಮನೆಯ ರಿವಾಜನ್ನೂ ಕಲಿಯಬೇಕಾಗಲಿಲ್ಲ, ಅವನೇ ಹೆಣ್ಣಿನ ಕಡೆಯವರಿಗೆ ಹೊಂದಿಕೊಂಡ, ಅವರಂತೆ ಕಾಡು ಸುತ್ತುವವನಾದ. ರಂಗನಿಗೆ ದೊಡ್ಡ ತೊಗಲಿನ ಚಪ್ಪಲಿ ಒಪ್ಪಿಸುವ ಪದ್ಧತಿ ಈಗಲೂ ಇದೆ. ಅಟ್ಟೆ ಸವೆದಿದ್ದರೆ ಅವನು ಕಾಡು ಸುತ್ತಿ ಬಂದಿದ್ದಾನೆ ಎಂದೇ ನಂಬಿಕೆ. ಭಾವನೆಂದ ಮೇಲೆ ಅವನನ್ನು ಗೇಲಿ ಮಾಡಬಹುದು, ದಬಾಯಿಸಿ ಕೇಳಬಹುದು. ಬರೀ ಭಕ್ತರಾದ ನಮಗೆ ಆ ಸಲಿಗೆ ಎಲ್ಲಿಂದ ಬರಬೇಕು? ದೇವರ ಬೀಗರಾದ ಈ ಸೋಲಿಗರನ್ನೇ, 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ, ಕಾಡಿನೊಳಗಿನ ಪೋಡುಗಳಿಂದ, ಅಂದರೆ ಅವರ ಹಾಡಿಗಳಿಂದ, ಎಬ್ಬಿಸಲಾಯಿತು. ಸಮುದಾಯ ಅರಣ್ಯ ಹಕ್ಕುಪತ್ರ ಅವರ ಕೈಗೆ ಬಂದದ್ದು 2011ರಲ್ಲಿ. ಆ ಎತ್ತಂಗಡಿಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಸೋಲಿಗರ ಹಾಡಾದ ಗೊರುಕಾನವನ್ನು ಹಾಡುವ ಹಿರಿಯರು ಪೋಡುಗಳಲ್ಲಿ ಇನ್ನೂ ಇದ್ದಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳು ಅವರನ್ನು ಈ ವರ್ಷವೇ ಕರೆಸಿ, ಕುಸುಮಾಲೆಯ ಕಥೆಯನ್ನು ಅವರ ಬಾಯಿಂದಲೇ ಮಕ್ಕಳಿಗೆ ಹೇಳಿಸಲಿ.