ವ್ಯಂಗ್ಯಚಿತ್ರ ಟೈಂಪಾಸ್ ಅಲ್ಲ ಸಾರ್

ನಮ್ಮ ಹಾಸ್ಟೆಲ್ ಮೆಸ್ ಪಕ್ಕದ ಕೋಣೆಗೆ ದಿನಾ ಮೂರು ಪೇಪರ್ ಬರುತ್ತವೆ. ಎಂಟು ಗಂಟೆಯೊಳಗೆ ಕ್ರೀಡಾಪುಟ ಒಬ್ಬನ ಕೈಯಲ್ಲಿ, ಸಿನಿಮಾ ಪುಟ ಇನ್ನೊಬ್ಬನ ಕೈಯಲ್ಲಿ, ಉದ್ಯೋಗದ ಪುಟ ಕೆಎಎಸ್‌ಗೆ ಓದುತ್ತಿರುವ ಸೀನಿಯರ್ ಕೈಯಲ್ಲಿ. ಮುಖಪುಟ ಮಾತ್ರ ಎಲ್ಲರ ಕೈ ದಾಟಿ ಬರುತ್ತದೆ. ಅದರಲ್ಲೂ ಕಣ್ಣು ಹೋಗುವುದು ಮೂಲೆಯ ವ್ಯಂಗ್ಯಚಿತ್ರಕ್ಕೆ. ನೋಡುತ್ತೇವೆ, ‘ಸೂಪರ್ ಮಗಾ’ ಅನ್ನುತ್ತೇವೆ, ಪುಟ ತಿರುವುತ್ತೇವೆ. ಯಾಕೆ ಸೂಪರ್ ಅಂತ ಕೇಳಿದರೆ ಅರ್ಧ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ. ಸುದ್ದಿ ಓದದೆ ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಮೇಷ್ಟ್ರುಗಳು ಹೇಗೆ ನೋಡುತ್ತಾರೆ ಅನ್ನುವುದು ಹೋದ ಸೆಮಿಸ್ಟರ್‌ನಲ್ಲಿ ಗೊತ್ತಾಯಿತು. ಕಾಲೇಜಿನ ಗೋಡೆಪತ್ರಿಕೆಗೆ ಒಂದು ಚಿತ್ರ ಬರೆದಿದ್ದೆ. ಒಂದೇ ಕಂಪ್ಯೂಟರ್ ಮುಂದೆ ಐದು ಮಂದಿ ಕುತ್ತಿಗೆ ಉದ್ದ ಮಾಡಿ ನಿಂತಿದ್ದಾರೆ, ಮೇಲೆ ‘ಸ್ಮಾರ್ಟ್ ಲ್ಯಾಬ್’ ಎಂಬ ಬೋರ್ಡು. ಇಪ್ಪತ್ತು ಮಂದಿಯ ಬ್ಯಾಚಿಗೆ ಕೆಲಸ ಮಾಡುವ ಕಂಪ್ಯೂಟರ್ ಇದ್ದದ್ದು ನಾಲ್ಕೇ, ಹಾಗಾಗಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಚಿತ್ರ ಮಾಯ. ಸ್ಟಾಫ್ ರೂಮಿನಿಂದ ಕರೆ ಬಂತು.

‘ಇಂಟರ್ನಲ್ಸ್ ನಮ್ಮ ಕೈಯಲ್ಲಿದೆ, ನೆನಪಿರಲಿ’ ಎಂದರು ಒಬ್ಬರು ಸಾರ್, ನಗುತ್ತಲೇ. ಇದೆಲ್ಲ ಟೈಂಪಾಸ್, ಓದಿನ ಕಡೆ ಗಮನ ಕೊಡು ಎಂಬ ಬುದ್ಧಿಮಾತೂ ಸಿಕ್ಕಿತು. ಅವರ ಮೇಜಿನ ಗಾಜಿನ ಕೆಳಗೆ ಹಳದಿಯಾದ ಒಂದು ಪೇಪರ್ ತುಂಡು ಇತ್ತು. ಚೌಕಳಿ ಕೋಟು, ಪಂಚೆ, ಕನ್ನಡಕ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’! ದೆಹಲಿಯ ಮಂತ್ರಿಯ ಮೂಗು ದಪ್ಪಗಾದರೆ ಅದು ಕಲೆ, ನಮ್ಮ ಲ್ಯಾಬ್ ಚಿತ್ರವಾದರೆ ಅಶಿಸ್ತು.

ಮೇಷ್ಟ್ರುಗಳ ಭಯಕ್ಕೂ ಕಾರಣವಿಲ್ಲದೆ ಇಲ್ಲ. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು ಪೊಲೀಸರು ಬಂಧಿಸಿದರು. ಮುಖ್ಯಮಂತ್ರಿಯ ಬಗೆಗಿನ ಒಂದು ವ್ಯಂಗ್ಯಚಿತ್ರವನ್ನು ಇ-ಮೇಲ್‌ನಲ್ಲಿ ಕಳಿಸಿದ್ದೇ ತಪ್ಪು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನೇ ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಆದರೂ ಅವರಿಗೆ ಕೇಸಿನಿಂದ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. ಒಂದು ಫಾರ್ವರ್ಡ್‌ಗೆ ಹತ್ತು ವರ್ಷಕ್ಕೂ ಹೆಚ್ಚು ಕೋರ್ಟ್ ಅಲೆದಾಟ.

2012ರಲ್ಲೇ 11ನೇ ತರಗತಿಯ ಎನ್‌ಸಿಇಆರ್‌ಟಿ ರಾಜ್ಯಶಾಸ್ತ್ರ ಪಠ್ಯದಲ್ಲಿದ್ದ ಶಂಕರ್ ಅವರ 1949ರ ಚಿತ್ರದ ಬಗ್ಗೆ ಸಂಸತ್ತಿನಲ್ಲಿ ಗಲಾಟೆಯಾಯಿತು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಹಿಡಿದಿದ್ದಾರೆ. ಚಾಟಿ ಹುಳುವಿಗೋ, ಅಂಬೇಡ್ಕರರಿಗೋ? ಇಡೀ ಜಗಳ ಇರುವುದು ಇಲ್ಲೇ. ನಿಧಾನವನ್ನು ಗೇಲಿ ಮಾಡಿದ ಚಿತ್ರ ಎಂದರು ಕೆಲವರು. ಶತಮಾನಗಳಿಂದ ಚಾಟಿಯೇಟು ತಿಂದವರಿಗೆ ಅದು ಹಾಗೆ ಕಾಣಲಿಲ್ಲ. ಅವರ ನೋವು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಚಿತ್ರವನ್ನು ಪಠ್ಯದಿಂದ ತೆಗೆದದ್ದರಿಂದ ಈ ಎರಡೂ ಮಾತನ್ನು ತರಗತಿಯಲ್ಲಿ ಎದುರುಬದುರು ಕೇಳುವ ಅವಕಾಶ ಹೋಯಿತು. ಬಿಇಯಲ್ಲೂ ನಮಗೆ ಸಂವಿಧಾನ ಒಂದು ವಿಷಯ. ಪರೀಕ್ಷೆಯ ಹಿಂದಿನ ರಾತ್ರಿ ವಿಧಿಗಳ ನಂಬರ್ ಬಾಯಿಪಾಠ ಮಾಡಿ ಬರೆದು ಮರೆಯುತ್ತೇವೆ. ಈ ಒಂದು ಚಿತ್ರವನ್ನು ಬೋರ್ಡ್ ಮೇಲೆ ಹಾಕಿ ಒಂದು ಗಂಟೆ ಮಾತಾಡಿಸಿದ್ದರೆ ಸಂವಿಧಾನಕ್ಕೆ ಸುಮಾರು ಮೂರು ವರ್ಷ ಯಾಕೆ ಹಿಡಿಯಿತು ಅನ್ನುವುದಾದರೂ ತಲೆಯಲ್ಲಿ ಉಳಿಯುತ್ತಿತ್ತು.

ನಾವೇನು ಕಮ್ಮಿ? ಗೋಡೆ ಮೇಲಿದ್ದಾಗ ನನ್ನ ಚಿತ್ರವನ್ನು ಫೋಟೊ ಹೊಡೆದು ಸ್ಟೇಟಸ್‌ಗೆ ಹಾಕಿಕೊಂಡ ಗೆಳೆಯರೇ, ಸ್ಟಾಫ್ ರೂಮಿನ ವಿಷಯ ತಿಳಿದ ಕೂಡಲೇ ‘ಸಾರಿ ಕೇಳಿಬಿಡೋ, ಪ್ಲೇಸ್‌ಮೆಂಟ್ ಇದೆ’ ಎಂದರು. ಸ್ಟೇಟಸ್ಸೂ ಡಿಲೀಟ್ ಆಯಿತು. ನಾನೂ ಸಾರಿ ಕೇಳಿದೆ. ಸಾರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಗಿಟ್ಟು, ‘ಡ್ರಾಯಿಂಗ್ ಮಾತ್ರ ಚೆನ್ನಾಗಿದೆ ಕಣಯ್ಯಾ’ ಎಂದರು.

ಅದು ಈಗಲೂ ನನ್ನ ಲ್ಯಾಬ್ ರೆಕಾರ್ಡ್ ಒಳಗಿದೆ. ಈ ಸೆಮಿಸ್ಟರ್‌ಗೆ ಲ್ಯಾಬಿಗೆ ಹೊಸದಾಗಿ ಒಂದು ಕಂಪ್ಯೂಟರ್ ಬಂದಿದೆ. ಈಗ ಒಂದಕ್ಕೆ ನಾವು ನಾಲ್ಕೇ ಮಂದಿ.